ಹಾಸನ, ಚಿಕ್ಕಮಗಳೂರಿಗೆ ಬರುವವರಿಗೆ: ಊರಿನವರ ಒಡನಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಬೇಲೂರಿಗೂ ಚಿಕ್ಕಮಗಳೂರಿಗೂ ನಡುವೆ ಇದೆ. ಸ್ವಲ್ಪ ಈಚೆ ಬಂದರೆ ಹಾಸನ ಜಿಲ್ಲೆ, ಸ್ವಲ್ಪ ಆಚೆ ಹೋದರೆ ಚಿಕ್ಕಮಗಳೂರು ಜಿಲ್ಲೆ. ರಜೆ ಬಂತೆಂದರೆ ಬೆಂಗಳೂರಿನ ನೆಂಟರು, ಹುಬ್ಬಳ್ಳಿಯ ಸ್ನೇಹಿತರು, ಅವರ ಪರಿಚಯದವರು ಎಲ್ಲರೂ ಫೋನ್ ಮಾಡುತ್ತಾರೆ. ಮೊದಲೆಲ್ಲ ‘ಏನೇನು ನೋಡಬೇಕು’ ಎಂದು ಕೇಳುತ್ತಿದ್ದರು. ಈಗ ಆ ಪಟ್ಟಿ ಎಲ್ಲರ ಫೋನಿನಲ್ಲೂ ಇದೆ. ಆದರೂ ಹಿಂದಿರುಗಿದ ಮೇಲೆ ‘ಎಲ್ಲ ನೋಡಿದ್ವಿ, ಆದ್ರೂ ಏನೋ ಸಾಲಲಿಲ್ಲ’ ಎನ್ನುವವರು ಇದ್ದಾರೆ. ಮಾತು ಮುಂದುವರಿದರೆ ಗೊತ್ತಾಗುತ್ತದೆ, ಎರಡು ದಿನದಲ್ಲಿ ಅವರು ಊರಿನ ಒಬ್ಬರ ಜತೆಯೂ ಕೂತು ಮಾತಾಡಿರುವುದಿಲ್ಲ. ಅಂಥವರು ಮಾತಿನಲ್ಲಿ, ಕಾಗದದಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಹೊರಡುವ ಮುನ್ನ

ರೂಮು, ಕಾರು ಎಲ್ಲಾ ದುಡ್ಡು ಕೊಟ್ಟು ಮಾಡ್ಕೊಂಡೇ ಬರ್ತೀವಿ. ಊರಿನವರ ಪರಿಚಯ ಯಾಕೆ ಬೇಕು?

ಒಂದು ಸಂಗತಿ ಹೇಳುತ್ತೇನೆ. ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರ ದೇವಸ್ಥಾನ ನೋಡಿ, ಫೋಟೋ ತೆಗೆದು, ಗಾಡಿ ಹತ್ತುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬಸದಿಹಳ್ಳಿ ಇದೆ. ಅಲ್ಲಿನ ಪಾರ್ಶ್ವನಾಥ ಬಸದಿಗೆ ಒಮ್ಮೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಮಬ್ಬು ಬೆಳಕು. ಅಂಗಳ ಗುಡಿಸುತ್ತಿದ್ದ ವಯಸ್ಸಾದವರೊಬ್ಬರು ಪೊರಕೆ ಬದಿಗಿಟ್ಟು ಬಂದರು. ‘ಅಮ್ಮಾ, ಇಲ್ಲಿ ಬನ್ನಿ. ಇನ್ನೊಂದು ಹೆಜ್ಜೆ ಈ ಕಡೆ. ಈಗ ಕಂಬ ನೋಡಿ’ ಎಂದರು. ಕನ್ನಡಿ ಹಾಗೆ ನಯ ಮಾಡಿದ ಕಪ್ಪು ಕಂಬ. ಅದರೊಳಗೆ ಅಮ್ಮ ನಿಂತಿದ್ದಳು, ಸೆರಗಿನ ಅಂಚಿನ ಸಮೇತ. ಅಮ್ಮ ಕೈ ಎತ್ತಿದಳು, ಕಂಬದೊಳಗಿನವಳೂ ಎತ್ತಿದಳು. ಇಬ್ಬರೂ ನಕ್ಕರು.

ಅಮ್ಮನಿಗೆ ಈಗ ವಯಸ್ಸಾಗಿದೆ. ಹೊಯ್ಸಳೇಶ್ವರದ ಆನೆಗಳ ಸಾಲು ಅವಳಿಗೆ ನೆನಪಿಲ್ಲ. ಆ ಕಂಬ ನೆನಪಿದೆ, ಅದನ್ನು ತೋರಿಸಿದವರ ದನಿಯೂ ನೆನಪಿದೆ. ‘ಇನ್ನೊಂದು ಹೆಜ್ಜೆ ಈ ಕಡೆ’ ಎಂದು ಹೇಳುವವರು ಇಲ್ಲದಿದ್ದರೆ ನಾವು ಅದೇ ಕಂಬದ ಪಕ್ಕದಲ್ಲೇ ಹಾದು ಬಂದುಬಿಡುತ್ತಿದ್ದೆವು.

ಎರಡು ದಿನದಲ್ಲಿ ಎಲ್ಲಾ ಮುಗಿಯುತ್ತಾ?

ಮುಗಿಸಬಹುದು, ಆದರೆ ಬೇಡ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 180 ಕಿಲೋಮೀಟರ್. ಹಾಸನದಿಂದ ಬೇಲೂರಿಗೆ 40ರ ಹತ್ತಿರ. ಅಲ್ಲಿಂದ ಚಿಕ್ಕಮಗಳೂರಿಗೆ 25. ಲೆಕ್ಕ ಸುಲಭ ಅನ್ನಿಸುತ್ತೆ. ಹಾಗಾಗಿ ಒಂದೇ ವಾರಾಂತ್ಯಕ್ಕೆ ಶ್ರವಣಬೆಳಗೊಳ, ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಎಲ್ಲವನ್ನೂ ತುಂಬುತ್ತಾರೆ. ಆಗ ಮಾತಿಗೆ ಸಿಗುವವರು ಪಾರ್ಕಿಂಗ್ ಚೀಟಿ ಹರಿಯುವವರು ಮಾತ್ರ.

ಎರಡೇ ದಿನ ಇದ್ದರೆ ಒಂದು ಕಡೆ ಆರಿಸಿಕೊಳ್ಳಿ. ಒಂದೋ ಬೇಲೂರು, ಹಳೇಬೀಡು, ಬೆಳವಾಡಿ. ಇಲ್ಲಾ ಚಿಕ್ಕಮಗಳೂರು ಮತ್ತು ಒಂದು ಗುಡ್ಡ. ಇಲ್ಲಾ ಸಕಲೇಶಪುರ, ಮಂಜರಾಬಾದ್ ಕೋಟೆ, ಒಂದು ತೋಟ. ಪಟ್ಟಿಯಿಂದ ಒಂದು ಜಾಗ ತೆಗೆದುಹಾಕಿ, ಆ ಮಧ್ಯಾಹ್ನವನ್ನು ಖಾಲಿ ಬಿಡಿ. ನಮ್ಮ ಕಡೆಯವರು ಕರೆಯುವುದು ಅಂಥ ಮಧ್ಯಾಹ್ನದಲ್ಲೇ.

ಯಾವ ತಿಂಗಳು ಬಂದ್ರೆ ಊರಿನವರಿಗೆ ಪುರುಸೊತ್ತು ಇರುತ್ತೆ?

ಮಲೆನಾಡಿನ ಭಾಗದಲ್ಲಿ ಪುರುಸೊತ್ತನ್ನು ಕಾಫಿ ಗಿಡವೇ ತೀರ್ಮಾನಿಸುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಜತೆಗೆ ಮೆಣಸು. ಆಗ ಎಲ್ಲರೂ ಕೆಲಸದಲ್ಲಿ ಮುಳುಗಿರುತ್ತಾರೆ. ಆದರೆ ನೋಡಲು ಜಾಸ್ತಿ ಇರುವುದೂ ಆಗಲೇ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬೀಳುತ್ತದೆ. ಬಿದ್ದ ಒಂದು ವಾರ, ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತದೆ. ಆ ಮಳೆ ಹದವಾಗಿ ಬಿದ್ದ ವರ್ಷ ಊರಿನವರ ಮುಖ ನೋಡಬೇಕು. ಯಾರನ್ನು ಮಾತಾಡಿಸಿದರೂ ಕಾಫಿ ಕುಡಿಸದೆ ಬಿಡುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಕೆಲಸ ಕಡಿಮೆ, ಮಾತು ಜಾಸ್ತಿ. ಒಲೆ ಮುಂದೆ ಕೂತು ಹಳೇ ಕಥೆ ಕೇಳಬೇಕೆಂದರೆ ಆಗ ಬನ್ನಿ. ಆದರೆ ಘಾಟಿ ರಸ್ತೆಗಳಲ್ಲಿ ಗುಡ್ಡ ಕುಸಿಯುತ್ತದೆ, ಸಂಚಾರ ನಿಲ್ಲುತ್ತದೆ. ಹೊರಡುವ ದಿನ ಬೆಳಿಗ್ಗೆ ಉಳಿದುಕೊಳ್ಳುವ ಮನೆಯವರಿಗೆ ಫೋನ್ ಮಾಡಿ, ಅವರು ‘ಬನ್ನಿ’ ಎಂದರೆ ಮಾತ್ರ ಹೊರಡಿ.

ಹೋಂಸ್ಟೇ ಅಂತ ಬೋರ್ಡ್ ಇರೋದೆಲ್ಲಾ ಮನೇನಾ? ಹೇಗೆ ಗೊತ್ತಾಗುತ್ತೆ?

ಎಲ್ಲವೂ ಮನೆಯಲ್ಲ. ಕೆಲವು ಬರೀ ರೂಮುಗಳು. ಯಜಮಾನರು ಬೇರೆ ಊರಿನಲ್ಲಿರುತ್ತಾರೆ, ಬೀಗದ ಕೈ ಕೊಡುವ ಹುಡುಗ ಮಾತ್ರ ಇರುತ್ತಾನೆ. ಬುಕ್ ಮಾಡುವ ಮುನ್ನ ಫೋನಿನಲ್ಲಿ ಎರಡು ಮಾತು ಕೇಳಿ. ‘ಮನೆಯವರು ಅಲ್ಲೇ ಇರ್ತೀರಾ?’ ‘ಅಡುಗೆ ಯಾರು ಮಾಡ್ತಾರೆ?’ ಇವೆರಡರ ಉತ್ತರದಲ್ಲೇ ಎಲ್ಲ ತಿಳಿಯುತ್ತದೆ. ‘ನಮ್ಮತ್ತೆ ಮಾಡ್ತಾರೆ, ನಾನು ಜತೆಗಿರ್ತೀನಿ’ ಎಂದರೆ ಕಣ್ಣು ಮುಚ್ಚಿಕೊಂಡು ಹೋಗಬಹುದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದೂ ಕೇಳಿ. ಆಗಿದ್ದವರು ಬೇಜಾರು ಮಾಡಿಕೊಳ್ಳುವುದಿಲ್ಲ.

## ಬಂದಿಳಿದ ಮೇಲೆ

ನನಗೆ ಸಂಕೋಚ ಜಾಸ್ತಿ. ಗೊತ್ತಿಲ್ಲದವರ ಹತ್ರ ಮಾತು ಶುರು ಮಾಡೋದು ಹೇಗೆ?

ನಮ್ಮ ಕಡೆ ಮಾತು ಶುರುವಾಗುವುದು ಸಂಬಂಧದಿಂದ. ವಯಸ್ಸಾದವರಿಗೆ ಅಜ್ಜ, ಅಜ್ಜಿ. ನಡುವಯಸ್ಸಿನವರಿಗೆ ಅಣ್ಣ, ಅಕ್ಕ, ಅಮ್ಮ. ಗೊತ್ತಾಗದಿದ್ದರೆ ‘ಯಜಮಾನ್ರೇ’ ಎಂದರೆ ತಪ್ಪಾಗುವುದಿಲ್ಲ. ‘ಎಕ್ಸ್‌ಕ್ಯೂಸ್ ಮಿ’ ಎಂದಾಗ ತಿರುಗಿ ನೋಡುವ ಮುಖಕ್ಕೂ ‘ಅಕ್ಕಾ, ಒಂದು ಮಾತು’ ಎಂದಾಗ ತಿರುಗುವ ಮುಖಕ್ಕೂ ತುಂಬಾ ವ್ಯತ್ಯಾಸ ಇದೆ.

ಆಮೇಲೆ ಅವರಿಗೆ ಗೊತ್ತಿರುವುದನ್ನು ಕೇಳಿ. ‘ಈ ಸಲ ಮಳೆ ಹೇಗೆ?’ ಎಂದು ಕೇಳಿದರೆ ಸಾಕು, ರೈತರ ಹತ್ತಿರ ಕಾಲು ಗಂಟೆಯ ಉತ್ತರ ಇರುತ್ತದೆ. ಸಂತೆಯಲ್ಲಿ ಗೊತ್ತಿಲ್ಲದ ಸೊಪ್ಪು ಕಂಡರೆ ‘ಇದನ್ನ ಹೇಗೆ ಮಾಡ್ತೀರಾ?’ ಎಂದು ಕೇಳಿ. ಮಾರುವ ಅಜ್ಜಿ ಒಗ್ಗರಣೆವರೆಗೆ ಹೇಳಿಯೇ ಚೀಲಕ್ಕೆ ಹಾಕುತ್ತಾರೆ. ‘ತೋಟ ಎಷ್ಟು ಎಕರೆ?’ ಎಂದು ಮಾತ್ರ ಮೊದಲ ಭೇಟಿಯಲ್ಲೇ ಕೇಳಬೇಡಿ. ಅದು ಸಂಬಳ ಕೇಳಿದ ಹಾಗೆ.

ಮಾತು ಶುರು ಮಾಡಲು ಒಳ್ಳೆಯ ಜಾಗ ಎಂದರೆ ಬೆಳಿಗ್ಗೆ ಏಳು ಗಂಟೆಯ ಸಣ್ಣ ಹೋಟೆಲ್. ಅಲ್ಲಿ ಒಂದೇ ಟೇಬಲ್ಲಿಗೆ ನಾಲ್ಕು ಜನ ಕೂರುತ್ತಾರೆ. ಫೋನ್ ಜೇಬಿನಲ್ಲಿಟ್ಟು ಕೂತರೆ ಸಾಕು, ಅವರೇ ಶುರು ಮಾಡುತ್ತಾರೆ.

‘ಯಾವೂರಾಯ್ತು, ಯಾರ ಪೈಕಿ, ಮಕ್ಕಳೆಷ್ಟು’ ಅಂತೆಲ್ಲಾ ಕೇಳ್ತಾರೆ. ಯಾಕೆ ಬೇಕು ಅವರಿಗೆ?

ನಿಮ್ಮನ್ನು ಎಲ್ಲಾದರೂ ಒಂದು ಕಡೆ ಜೋಡಿಸಿಕೊಳ್ಳಲು. ನಿಮ್ಮ ಊರಿನಲ್ಲಿ ಅವರ ತಂಗಿಯ ಗಂಡ ಇರಬಹುದು, ಮಗ ಓದಿರಬಹುದು. ಒಂದು ಎಳೆ ಸಿಕ್ಕರೆ ನೀವು ಪ್ರವಾಸಿ ಅಲ್ಲ, ‘ನಮ್ಮ ಇಂಥವರ ಊರಿನವರು’. ಹೇಳಲು ಇಷ್ಟವಿಲ್ಲದಿದ್ದರೆ ನಕ್ಕು ಮಾತು ಬದಲಿಸಿ, ಯಾರೂ ಹಟ ಹಿಡಿಯುವುದಿಲ್ಲ. ಜಾತಿ ತಿಳಿಯಲೆಂದೇ ‘ಯಾರ ಪೈಕಿ’ ಎಂದು ಕೇಳುವವರೂ ಉಂಟು. ಅದು ನನಗೂ ಹಿಡಿಸುವುದಿಲ್ಲ. ‘ಬೆಂಗಳೂರಿನವರು ಅಜ್ಜ’ ಎಂದು ಹೇಳಿ ಮುಂದೆ ಹೋಗಿ.

ದಾರಿ ಕೇಳಿದ್ರೆ ‘ಇಲ್ಲೇ ಹತ್ರ’ ಅಂತಾರೆ. ಹೋದ್ರೆ ಮುಗಿಯೋದೇ ಇಲ್ಲ!

ನಡೆದು ಅಭ್ಯಾಸ ಇರುವವರಿಗೆ ನಾಲ್ಕು ಕಿಲೋಮೀಟರ್ ನಿಜವಾಗಿಯೂ ಹತ್ತಿರವೇ. ‘ಎಷ್ಟು ದೂರ’ ಎಂದು ಕೇಳುವ ಬದಲು ‘ಈ ಕಾರು ಹೋಗುತ್ತಾ? ಕತ್ತಲಾಗೋದ್ರೊಳಗೆ ವಾಪಸ್ ಬರಬಹುದಾ?’ ಎಂದು ಕೇಳಿ. ಆಗ ಅವರು ಕಾರಿನ ಚಕ್ರ ನೋಡಿ, ಆಕಾಶ ನೋಡಿ ಉತ್ತರ ಹೇಳುತ್ತಾರೆ. ಮ್ಯಾಪ್ ತೋರಿಸುವ ಒಳದಾರಿ ಎಷ್ಟೋ ಸಲ ಯಾರದೋ ತೋಟದ ಗೇಟಿಗೆ ಹೋಗಿ ನಿಲ್ಲುತ್ತದೆ. ಊರಿನವರು ‘ಆ ಕಡೆ ಬೇಡ’ ಎಂದರೆ ಬೇಡ.

ಬೇಲೂರಲ್ಲಿ ಗೈಡ್ ಬೇಕಾ? ಓದ್ಕೊಂಡು ಬಂದ್ರೆ ಸಾಲದಾ?

ಓದಿಕೊಂಡೂ ಬನ್ನಿ, ಗೈಡನ್ನೂ ಕರೆದುಕೊಳ್ಳಿ. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು ಎಂಬುದೆಲ್ಲ ಓದಿದರೆ ಗೊತ್ತಾಗುತ್ತದೆ. ಶಿಲಾಬಾಲಿಕೆಯ ಕೈಬಳೆ ಕಲ್ಲಿನಿಂದ ಬಿಡಿಸಿಕೊಂಡು ನಿಂತಿರುವುದನ್ನು ತೋರಿಸಲು ಟಾರ್ಚ್ ಹಿಡಿಯುವ ಮನುಷ್ಯ ಬೇಕು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಕೆತ್ತಿದವರು ತಮ್ಮ ಹೆಸರನ್ನೂ ಕಲ್ಲಿನಲ್ಲಿ ಬರೆದಿದ್ದಾರೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು. ‘ಸಹಿ ಎಲ್ಲಿದೆ ತೋರಿಸ್ತೀರಾ?’ ಎಂದು ಗೈಡನ್ನು ಕೇಳಿ ನೋಡಿ. ದಿನವೂ ಅದದೇ ಹೇಳಿ ದಣಿದವರ ಮುಖ ಅರಳುತ್ತದೆ. ಆಮೇಲೆ ಅವರು ಎಲ್ಲರಿಗೂ ತೋರಿಸದ ಮೂಲೆಗಳನ್ನು ನಿಮಗೆ ತೋರಿಸುತ್ತಾರೆ.

ಇಲಾಖೆಯ ಗುರುತಿನ ಚೀಟಿ ಇರುವವರನ್ನೇ ಕರೆಯಿರಿ. ದರ ಮೊದಲೇ ಕೇಳಿಕೊಳ್ಳಿ. ಹೇಳಿದ ಮೇಲೆ ಚೌಕಾಸಿ ಬೇಡ.

ಮಕ್ಕಳಿಗೆ ದೇವಸ್ಥಾನ ಅಂದ್ರೆ ಬೇಜಾರು. ಅವರಿಗೇನಿದೆ?

ಕಥೆ ಇದೆ. ಸಖರಾಯಪಟ್ಟಣದ ಅರಸ ರುಕ್ಮಾಂಗದ ದೊಡ್ಡ ಮಗಳಿಗೆ ಕೊಟ್ಟ ಊರು ಹಿರೇಮಗಳೂರು, ಚಿಕ್ಕ ಮಗಳಿಗೆ ಕೊಟ್ಟದ್ದು ಚಿಕ್ಕಮಗಳೂರು ಎನ್ನುತ್ತಾರೆ. ಇದನ್ನು ಕಾರಿನಲ್ಲಿ ನೀವು ಹೇಳಬೇಡಿ. ಹಿರೇಮಗಳೂರಿನ ಕಟ್ಟೆ ಮೇಲೆ ಕೂತ ಅಜ್ಜನಿಂದ ಹೇಳಿಸಿ. ಅಲ್ಲಿನ ಕೋದಂಡರಾಮ ದೇವಸ್ಥಾನದಲ್ಲಿ ಪೂಜೆ ಕನ್ನಡದಲ್ಲೇ ನಡೆಯುವುದು ಹೆಸರುವಾಸಿ. ಮಂತ್ರ ಅರ್ಥವಾಗುವಾಗ ಮಕ್ಕಳು ಕಿವಿಗೊಟ್ಟು ನಿಲ್ಲುವುದನ್ನು ನಾನೇ ಕಂಡಿದ್ದೇನೆ. ಮತ್ತೆ, ಊರಿನ ಮಕ್ಕಳು ಕ್ರಿಕೆಟ್ ಆಡುತ್ತಿದ್ದರೆ ಗಾಡಿ ನಿಲ್ಲಿಸಿ. ಅರ್ಧ ಗಂಟೆ ಹೋದರೆ ಹೋಗಲಿ.

## ಮನೆ, ತೋಟ, ಊಟ

‘ಕಾಫಿ ಕುಡ್ಕೊಂಡು ಹೋಗಿ’ ಅಂತಾರೆ. ನಿಜವಾಗ್ಲೂ ಕರೀತಾರಾ, ಸುಮ್ನೆ ಮಾತಿಗಾ?

ನಿಜವಾಗಿಯೇ ಕರೆಯುತ್ತಾರೆ. ಮಾತಿಗೆ ಕರೆಯುವವರು ಒಂದು ಸಲ ಕರೆಯುತ್ತಾರೆ. ಎರಡನೇ ಸಲ ಕರೆದು, ‘ಬನ್ನಿ, ಕೂತ್ಕೊಳ್ಳಿ’ ಎಂದು ಜಗಲಿ ತೋರಿಸಿದರೆ ಹೋಗಿ. ಚಪ್ಪಲಿ ಹೊರಗೆ ಬಿಡಿ. ಕೈಕಾಲಿಗೆ ನೀರು ಕೊಟ್ಟರೆ ತೊಳೆದುಕೊಳ್ಳಿ. ಕೆಲವು ಮನೆಗಳಲ್ಲಿ ಬೆಲ್ಲದ ಕಾಫಿ, ಹಾಲಿಲ್ಲದೆ ಕೊಡುತ್ತಾರೆ. ಸಕ್ಕರೆ ಕೇಳುವ ಮುನ್ನ ಒಂದು ಗುಟುಕು ಕುಡಿದು ನೋಡಿ.

ಬೇಡ ಎನ್ನಬೇಕಾದರೆ ‘ಬೇಡ’ ಎಂದು ಕಡ್ಡಿ ಮುರಿದ ಹಾಗೆ ಹೇಳಬೇಡಿ. ‘ಈಗ್ತಾನೆ ಆಯ್ತು, ಬರೋವಾಗ ಕುಡೀತೀವಿ’ ಎನ್ನಿ. ಹಾಗೆಂದ ಮೇಲೆ ಬರುವಾಗ ನಿಲ್ಲಲೇಬೇಕು. ಒಮ್ಮೆ ನಾವು ಕಳಸದ ಹತ್ತಿರ ಹೀಗೇ ಹೇಳಿ, ತಡವಾಯಿತೆಂದು ನಿಲ್ಲದೆ ಬಂದೆವು. ಮರುವರ್ಷ ಅದೇ ದಾರಿಯಲ್ಲಿ ಹೋದಾಗ ಆ ಅಮ್ಮ ಗುರುತು ಹಿಡಿದು, ‘ಅವತ್ತು ಡಿಕಾಕ್ಷನ್ ಇಟ್ಕೊಂಡು ಕಾದಿದ್ದೆ ಕಣಮ್ಮ’ ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹೊರಡುವಾಗ ‘ಹೋಗ್ತೀವಿ’ ಅನ್ನಬೇಡಿ, ‘ಹೋಗಿ ಬರ್ತೀವಿ’ ಅನ್ನಿ. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಡಲು ಒಳಗೆ ಹೋದರೆ ಕಾರಿನ ಹಾರ್ನ್ ಹೊಡೆಯದೆ ಕಾಯಿರಿ.

ಕಾಫಿ ತೋಟದ ಒಳಗೆ ಹೋಗಿ ನೋಡ್ಬೇಕು. ಯಾರನ್ನ ಕೇಳೋದು?

ಗೇಟಿನ ಹತ್ತಿರ ಸಿಕ್ಕವರನ್ನು ‘ರೈಟ್ರು ಎಲ್ಲಿದಾರೆ?’ ಎಂದು ಕೇಳಿ. ಎಸ್ಟೇಟಿನ ಲೆಕ್ಕಪತ್ರ, ಆಳುಗಳ ಕೆಲಸ ನೋಡಿಕೊಳ್ಳುವವರೇ ರೈಟರು. ಸಣ್ಣ ತೋಟವಾದರೆ ಮನೆಯ ಯಜಮಾನರನ್ನೇ ಕೇಳಿದರೆ ಆಯಿತು. ಹೇಳದೆ ಕೇಳದೆ ಬೇಲಿ ದಾಟಿ ಫೋಟೋಗೆ ನಿಲ್ಲಬೇಡಿ. ಗಿಡದ ರೆಂಬೆ ಮುರಿದರೆ ಹೋಗುವುದು ಮುಂದಿನ ವರ್ಷದ ಫಸಲು.

ಕರೆದುಕೊಂಡು ಹೋದರೆ ಅವಸರ ಬೇಡ. ಬಾಬಾಬುಡನ್ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಎಂಬ ಕಥೆಯನ್ನು ಪ್ರತಿ ತೋಟದವರೂ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ, ಕೇಳಿ. ಕೆಂಪು ಹಣ್ಣೊಂದನ್ನು ಕೇಳಿ ಕಿತ್ತುಕೊಂಡು ಬೆರಳಲ್ಲಿ ಹಿಚುಕಿ. ಎರಡು ಬೀಜ ಜಾರಿ ಹೊರಗೆ ಬರುತ್ತವೆ, ಲೋಳೆ ಲೋಳೆ. ನಾಲಿಗೆಗೆ ಇಟ್ಟರೆ ಸಿಹಿ. ಕಾಫಿ ಕುಡಿದು ಬೆಳೆದ ಎಷ್ಟೋ ಜನಕ್ಕೆ ಹಣ್ಣು ಸಿಹಿ ಎಂದೇ ಗೊತ್ತಿರುವುದಿಲ್ಲ.

ಆಮೇಲೆ ಕಣಕ್ಕೆ ಬನ್ನಿ. ಚೆರಿ, ಅಂದರೆ ಕೊಯ್ದ ಕಾಫಿ ಹಣ್ಣು, ಒಣಗಲು ಹರಡಿರುತ್ತಾರೆ. ಬಿಸಿಲಿಗೆ ಹುಳಿ ಸಿಹಿ ಬೆರೆತ ವಾಸನೆ. ಕಾಲಿನಲ್ಲಿ ಗೆರೆ ಎಳೆಯುತ್ತಾ ಹೊರಳಿಸುತ್ತಿರುತ್ತಾರೆ. ನಮ್ಮ ಪಕ್ಕದ ತೋಟದ ಮೇಸ್ತ್ರಿ ಒಬ್ಬರಿದ್ದಾರೆ. ಯಾರೇ ಬಂದರೂ ಒಣಗಿದ ಚೆರಿ ಒಂದು ಹಿಡಿ ತೆಗೆದು ಅವರ ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಒಣಗಿದೆ, ಅನ್ನದಿದ್ದರೆ ಇನ್ನೂ ಬಿಸಿಲು ಬೇಕು. ದೆಹಲಿಯಿಂದ ಬಂದ ಹುಡುಗಿಯೊಬ್ಬಳು ಎರಡು ಹಿಡಿ ಹಿಡಿದುಕೊಂಡು ಒಂದು ಕಿವಿಗೆ ಒಣಗಿದ್ದು, ಇನ್ನೊಂದು ಕಿವಿಗೆ ಹಸಿ ಇಟ್ಟು ಕೇಳಿಸಿಕೊಂಡಳು. ಅವರಿಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಕೊಯ್ಲಿನವರನ್ನು ಮಾತ್ರ ಕೆಲಸದ ನಡುವೆ ತಡೆದು ನಿಲ್ಲಿಸಬೇಡಿ. ಎಷ್ಟೋ ತೋಟಗಳಲ್ಲಿ ಕೂಲಿ ಕೆಜಿ ಲೆಕ್ಕ. ನಿಮ್ಮ ಹತ್ತು ನಿಮಿಷದ ಮಾತಿನಿಂದ ಅವರ ದುಡಿಮೆ ಕಡಿಮೆಯಾಗುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ, ಸಂಜೆ ತೂಕ ಮುಗಿದ ಮೇಲೆ ಮಾತಾಡಿಸಿ.

ಹೋಟೆಲಲ್ಲಿ ಸಿಗದ ಊಟ ಎಲ್ಲಿ ಸಿಗುತ್ತೆ?

ಮನೆಗಳಲ್ಲಿ, ಅದೂ ಆಯಾ ಕಾಲಕ್ಕೆ. ಮಳೆ ಶುರುವಾದರೆ ಕಳಲೆ (ಎಳೆ ಬಿದಿರು), ಕಾಡಿನ ಅಣಬೆ, ಕೆಸುವಿನ ಎಲೆಯ ಪತ್ರೊಡೆ, ಗದ್ದೆಯ ಏಡಿ ಸಾರು. ಬೇಸಿಗೆಯಲ್ಲಿ ಹಲಸು. ಚಳಿಗಾಲದಲ್ಲಿ ಅವರೆಕಾಯಿ. ಅಕ್ಕಿ ರೊಟ್ಟಿ, ಕಡುಬು ಯಾವಾಗಲೂ ಉಂಟು. ಅರಸೀಕೆರೆ, ಕಡೂರು ಕಡೆ ಬಯಲುಸೀಮೆಗೆ ಇಳಿದರೆ ಮುದ್ದೆ, ಸೊಪ್ಪಿನ ಸಾರು.

ಹಿಂದಿನ ರಾತ್ರಿಯೇ ಹೇಳಬೇಕು. ಕಳಲೆಯನ್ನು ಹೆಚ್ಚಿ ನೀರಲ್ಲಿ ನೆನೆಸಿ, ಆ ನೀರನ್ನು ಬದಲಿಸುತ್ತಾ ಇರಬೇಕು. ಬಂದ ತಕ್ಷಣ ಕೇಳಿದರೆ ಆಗುವುದಿಲ್ಲ. ಅಡುಗೆಮನೆಗೆ ಬರಬಹುದೇ ಎಂದು ಕೇಳಿ. ‘ಬನ್ನಿ’ ಎಂದರೆ ರೊಟ್ಟಿ ತಟ್ಟಲು ಕೂತುಕೊಳ್ಳಿ. ನಿಮ್ಮ ರೊಟ್ಟಿ ಹರಿದರೂ ಅದನ್ನೇ ನಿಮಗೆ ಪ್ರೀತಿಯಿಂದ ಬೇಯಿಸಿ ಕೊಡುತ್ತಾರೆ. ಅಣಬೆಯನ್ನು ಮಾತ್ರ ಊರಿನವರು ಕಿತ್ತು ತಂದದ್ದನ್ನೇ ತಿನ್ನಿ, ನೀವಾಗಿ ಆರಿಸಬೇಡಿ.

ಸಹಾಯ ಮಾಡಿದವರಿಗೆ ದುಡ್ಡು ಕೊಟ್ರೆ ಬೇಜಾರು ಮಾಡ್ಕೋತಾರಾ?

ಅದು ಅವರ ಕೆಲಸವೋ, ಪ್ರೀತಿಯೋ ನೋಡಿಕೊಳ್ಳಿ. ಗೈಡ್, ಹೆಬ್ಬೆ ಜಲಪಾತಕ್ಕೆ ಕರೆದೊಯ್ಯುವ ಜೀಪಿನವರು, ಶ್ರವಣಬೆಳಗೊಳದಲ್ಲಿ ವಯಸ್ಸಾದವರನ್ನು ಡೋಲಿಯಲ್ಲಿ ಬೆಟ್ಟ ಹತ್ತಿಸುವವರು, ಇವರಿಗೆಲ್ಲ ಪೂರ್ತಿ ಹಣ ಕೊಡಿ, ಮೇಲೊಂದಿಷ್ಟು ಕೊಡಿ. ಅದು ಅವರ ಅನ್ನ.

ಪ್ರೀತಿಯಿಂದ ಮಾಡಿದವರ ವಿಷಯ ಬೇರೆ. ಒಂದು ಜುಲೈನಲ್ಲಿ ಮೂಡಿಗೆರೆಯಿಂದ ದೇವರಮನೆ ಕಡೆ ಹೋಗುವಾಗ ನಮ್ಮ ಕಾರಿನ ಚಕ್ರ ರಸ್ತೆ ಬದಿಯ ಕೆಸರಿಗೆ ಇಳಿಯಿತು. ಮಂಜು ಎಷ್ಟಿತ್ತೆಂದರೆ ನಮ್ಮ ಬಾನೆಟ್ ನಮಗೇ ಕಾಣುತ್ತಿರಲಿಲ್ಲ. ಕಂಬಳಿ ಹೊದ್ದ ಒಬ್ಬರು ಎಲ್ಲಿಂದಲೋ ಬಂದು, ಮಾತಿಲ್ಲದೆ ವಾಪಸ್ ಹೋಗಿ, ಎರಡು ಹಲಗೆ ಹೊತ್ತು ತಂದರು. ಚಕ್ರದ ಅಡಿಗೆ ಕೊಟ್ಟು, ‘ನಿಧಾನಕ್ಕೆ, ಫಸ್ಟ್ ಗೇರಲ್ಲಿ’ ಎಂದರು. ಕಾರು ಮೇಲೆ ಬಂತು. ಅಷ್ಟರಲ್ಲಿ ಮಗಳು ಕಿರುಚಿದಳು. ಅವಳ ಪಾದಕ್ಕೆ ಉಂಬಳ (ಜಿಗಣೆ) ಹತ್ತಿತ್ತು. ಅವರು ಎಲೆ ಅಡಿಕೆ ಡಬ್ಬಿ ತೆಗೆದು, ಬೆರಳ ತುದಿಯ ಸುಣ್ಣವನ್ನು ಉಂಬಳಕ್ಕೆ ಮುಟ್ಟಿಸಿದರು. ಅದು ಸುರುಟಿ ಬಿತ್ತು. ‘ಏನಾಗಲ್ಲ ಮಗಳೇ, ಸ್ವಲ್ಪ ರಕ್ತ ಬರುತ್ತೆ, ನಿಲ್ಲುತ್ತೆ’ ಎಂದರು. ನಮ್ಮ ಮನೆಯವರು ಜೇಬಿನಿಂದ ನೋಟು ತೆಗೆದಾಗ ಅವರ ಮುಖ ಚಿಕ್ಕದಾಯಿತು. ‘ಅದೆಲ್ಲಾ ಇಟ್ಕೊಳ್ಳಿ ಸ್ವಾಮಿ’ ಎಂದು ಹಲಗೆ ಹೊತ್ತುಕೊಂಡು ಹೊರಟೇಬಿಟ್ಟರು.

ಅಂಥವರಿಗೆ ಹಣ್ಣು, ಸಿಹಿ, ಮನೆಯಲ್ಲಿ ಮಕ್ಕಳಿದ್ದರೆ ಪುಸ್ತಕ ಕೊಡಿ. ಅವರ ಮನೆಯ ಮೆಣಸು, ಜೇನು, ಕಾಫಿಪುಡಿ ಮಾರಾಟಕ್ಕಿದ್ದರೆ ಕೇಳಿದ ಬೆಲೆಗೆ ಕೊಂಡುಕೊಳ್ಳಿ. ಆ ಸಲ ನಮ್ಮ ಹತ್ತಿರ ಇದ್ದದ್ದು ಒಂದು ಡಬ್ಬಿ ಕೋಡುಬಳೆ. ಮಗಳು ಓಡಿ ಹೋಗಿ ಕೊಟ್ಟಳು. ಅದನ್ನು ತೆಗೆದುಕೊಂಡರು.

ಫೋಟೋ ತೆಗೀಬಹುದಾ?

ಕೇಳಿ ತೆಗೆಯಿರಿ. ತೋಟದ ಆಳುಗಳು ಇರುವ ಲೈನ್ ಮನೆಗಳ ಮುಂದೆ, ಸ್ನಾನದ ಹೊಳೆಯ ಹತ್ತಿರ, ಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಎತ್ತಲೇಬೇಡಿ. ತೆಗೆದದ್ದನ್ನು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ಫೋನಿಗೆ ಕಳಿಸಿದ್ದು ಕಳೆದುಹೋಗುತ್ತದೆ. ಪ್ರಿಂಟ್ ದೇವರ ಪಟದ ಪಕ್ಕ ಸೇರುತ್ತದೆ.

## ಇನ್ನೂ ಒಳಗೆ ಹೋಗುವವರಿಗೆ

ಊರಿನವರ ಜತೆ ಗುಡ್ಡಕ್ಕೆ, ಕಾಡಿಗೆ ಹೋದ್ರೆ ಸಾಕಲ್ವಾ? ಪರ್ಮಿಶನ್ ಯಾಕೆ?

ಸಾಲದು. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಅನುಮತಿ ಬೇಕೇ ಬೇಕು. ಮುಳ್ಳಯ್ಯನಗಿರಿ ಕಡೆ ಹೋಗುವ ವಾಹನಗಳಿಗೂ ಮಿತಿ ಇಡುತ್ತಾರೆ, ಆ ದಿನದ ನಿಯಮ ನೋಡಿಕೊಂಡೇ ಹೊರಡಿ. ‘ನನಗೆ ಒಳದಾರಿ ಗೊತ್ತು, ಬನ್ನಿ’ ಎನ್ನುವವರನ್ನು ನಂಬಿ ಹೋದರೆ ಸಿಕ್ಕಿಬೀಳುವುದು ನೀವಿಬ್ಬರೂ.

ಊರಿನವರ ಮಾತು ಬೇಕಾಗುವುದು ಬೇರೆ ಕಾರಣಕ್ಕೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆಗಳು ತೋಟಕ್ಕೆ ಬರುತ್ತವೆ. ಆಳುಗಳು, ಬೆಳೆಗಾರರು ಆನೆ ತುಳಿದು ಸತ್ತಿದ್ದಾರೆ. ನಿನ್ನೆ ರಾತ್ರಿ ಆನೆ ಎಲ್ಲಿತ್ತು ಎಂಬುದು ಇಲ್ಲಿ ಬೆಳಗಿನ ಮೊದಲ ಸುದ್ದಿ. ಮನೆಯವರು ‘ಇವತ್ತು ಆ ಕಡೆ ಬೇಡ, ಆರು ಗಂಟೆ ಮೇಲೆ ನಡೆದುಕೊಂಡು ಹೋಗಬೇಡಿ’ ಎಂದರೆ ಎದುರು ಮಾತಾಡಬೇಡಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ ಇರುತ್ತದೆ. ಅದು ಉಣುಗು ಎಂಬ ಸಣ್ಣ ಹುಳ ಕಚ್ಚಿ ಹರಡುತ್ತದೆ. ಕಾಡಿನಲ್ಲಿ ಮಂಗ ಸತ್ತಿದೆ ಎಂದು ಊರಿನವರು ಹೇಳಿದರೆ ಆ ಕಾಡಿಗೆ ಕಾಲಿಡಬೇಡಿ.

ಜಾತ್ರೆ, ಹಬ್ಬಕ್ಕೆ ಹೊರಗಿನವರು ಹೋಗಬಹುದಾ?

ಬೇಲೂರಿನ ತೇರಿಗೆ, ಹಾಸನದ ಹಾಸನಾಂಬೆಯ ದರ್ಶನಕ್ಕೆ ಎಲ್ಲರೂ ಬರುತ್ತಾರೆ. ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವು ದಿನ ಮಾತ್ರ ತೆರೆಯುತ್ತದೆ. ಸರತಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಮುಂದೆ ನಿಂತ ಅಕ್ಕನಿಗೂ ನಿಮಗೂ ಗರ್ಭಗುಡಿ ತಲುಪುವಷ್ಟರಲ್ಲಿ ನೆಂಟಸ್ತನ ಬೆಳೆದಿರುತ್ತದೆ.

ನನಗೆ ಇಷ್ಟವಾದದ್ದು ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಹತ್ತಿರದ ದೇವೀರಮ್ಮನ ಬೆಟ್ಟ. ಅದನ್ನೂ ದೀಪಾವಳಿಗೆ ವರ್ಷಕ್ಕೊಮ್ಮೆ ಹತ್ತುತ್ತಾರೆ. ಎಷ್ಟೋ ಜನ ಬರಿಗಾಲಿನಲ್ಲಿ, ರಾತ್ರಿಯಲ್ಲೇ ಶುರು ಮಾಡುತ್ತಾರೆ. ಕಡಿದಾದ ದಾರಿ, ಕಾಲಿಟ್ಟಲ್ಲೆಲ್ಲ ಜಾರುವ ಮಣ್ಣು. ಅಲ್ಲಿ ಮೇಲಿನವರು ಕೈ ಕೊಟ್ಟು ಎಳೆಯುತ್ತಾರೆ, ನೀವು ಕೆಳಗಿನವರಿಗೆ ಕೈ ಕೊಡುತ್ತೀರಿ. ಯಾರ ಕೈ ಎಂದು ಕತ್ತಲಲ್ಲಿ ಕಾಣುವುದಿಲ್ಲ. ಬೆಳಕು ಹರಿದಾಗ ತಿರುಗಿ ನೋಡಿದರೆ ಇಡೀ ಗುಡ್ಡದ ತುಂಬ ಜನ. ಮೊಣಕಾಲು ನೋವು, ಉಸಿರಾಟದ ತೊಂದರೆ ಇರುವವರು ಕೆಳಗಿನ ಗುಡಿಯಲ್ಲೇ ಇರಿ.

ಹಳ್ಳಿಗಳ ಸುಗ್ಗಿ ಹಬ್ಬದ ರೀತಿ ಬೇರೆ. ಕೆಲವು ಊರುಗಳಲ್ಲಿ ಆ ದಿನಗಳ ಕಟ್ಟುನಿಟ್ಟು ಜಾಸ್ತಿ. ಊರಿನವರು ಕರೆದರೆ ಮಾತ್ರ ಹೋಗಿ. ಚಪ್ಪಲಿ, ಬಟ್ಟೆ, ಎಲ್ಲಿ ನಿಲ್ಲಬೇಕು ಎಲ್ಲವನ್ನೂ ಅವರನ್ನೇ ಕೇಳಿ.

ಒಬ್ಬಳೇ ಬರ್ತಿದೀನಿ. ಎಲ್ಲರನ್ನೂ ನಂಬೋಕಾಗುತ್ತಾ?

ಎಲ್ಲರನ್ನೂ ನಂಬಬೇಡಿ. ಹೆಂಗಸರು ಇರುವ ಮನೆಯಲ್ಲಿ ಉಳಿದುಕೊಳ್ಳಿ, ಬಸ್ಸಿನಲ್ಲಿ ಹೆಂಗಸರ ಪಕ್ಕ ಕೂತುಕೊಳ್ಳಿ. ನಾನೂ ಒಬ್ಬಳೇ ಓಡಾಡಿದವಳು. ಒಬ್ಬ ಅಕ್ಕನ ಪರಿಚಯವಾದರೆ ಇಡೀ ಊರು ಕಾಯುತ್ತದೆ. ‘ನಮ್ಮನೇಲಿ ಉಳಿದಿದಾರೆ’ ಎಂಬ ಒಂದು ಮಾತು ಬಸ್ ಸ್ಟ್ಯಾಂಡಿನವರೆಗೆ ತಲುಪಿರುತ್ತದೆ. ನಿಮ್ಮ ರೂಮು ಎಲ್ಲಿ, ಒಬ್ಬರೇನಾ ಎಂದು ಕೆದಕುವ ಗಂಡಸರಿಗೆ ‘ಮನೆಯವರು ಬರ್ತಿದಾರೆ’ ಎಂದು ಹೇಳಿ ಎದ್ದುಬಿಡಿ. ಮರ್ಯಾದೆಗೆಂದು ಕೂರಬೇಡಿ. ಏನಾದರೂ ಆದರೆ 112.

ಟೂರಿಸ್ಟ್ ಅಂದ್ರೆ ಊರಿನವರಿಗೆ ಕೋಪ ಅಂತ ಕೇಳಿದ್ದೆ. ನಿಜಾನಾ?

ಕೆಲವು ವಾರಾಂತ್ಯ ನಿಜ. ಗುಡ್ಡದ ಕಿರಿದಾದ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿದಾಗ ಶಾಲೆಯ ಗಾಡಿ, ಆಂಬುಲೆನ್ಸ್ ಎಲ್ಲವೂ ನಿಲ್ಲುತ್ತವೆ. ಕುಡಿದ ಬಾಟಲಿಯನ್ನು ಹುಲ್ಲಿನಲ್ಲಿ ಒಡೆದು ಹೋದರೆ ಮಾರನೇ ದಿನ ಅದು ಚುಚ್ಚುವುದು ನಮ್ಮ ದನದ ಕಾಲಿಗೆ. ರಾತ್ರಿ ಹನ್ನೆರಡಕ್ಕೆ ಸ್ಪೀಕರ್ ಹಾಕಿದರೆ ನಸುಕಿನಲ್ಲಿ ಏಳುವವರಿಗೆ ಕೋಪ ಬರದೆ ಇರುತ್ತದೆಯೇ? ಈ ಕೋಪವನ್ನು ನಾನು ತಪ್ಪು ಎನ್ನಲಾರೆ.

ಆದರೆ ಅದು ಬೇಗ ಇಳಿಯುತ್ತದೆ. ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡಿ. ಕಸ ಊರಿಗೆ ವಾಪಸ್ ಒಯ್ಯಿರಿ. ಕಿಟಕಿ ಇಳಿಸಿ ‘ನಮಸ್ಕಾರ’ ಎನ್ನಿ. ಹೋದ ವರ್ಷ ಬೆಂಗಳೂರಿನ ನಾಲ್ಕು ಹುಡುಗರು ಹೊರಡುವ ಬೆಳಿಗ್ಗೆ ನಮ್ಮೂರ ಕೆರೆ ಏರಿಯ ಬಾಟಲಿಗಳನ್ನು ಆರಿಸಿ ಎರಡು ಚೀಲ ತುಂಬಿದರು. ಯಾರೂ ಹೇಳಿರಲಿಲ್ಲ. ನೋಡುತ್ತಾ ನಿಂತಿದ್ದ ನಮ್ಮ ದೊಡ್ಡಪ್ಪ ಅವರನ್ನು ಮನೆಗೆ ಕರೆದು ಕಡುಬು ಹಾಕಿಸಿದರು.

ಪರಿಚಯ ಆಯ್ತು, ವಾಪಸ್ ಬಂದ್ವಿ. ಆಮೇಲೆ ಏನು? ಮತ್ತೆ ಅದೇ ಊರಿಗೆ ಹೋಗೋದಾ?

ಹೋಗಿ. ಡಿಸೆಂಬರಿನಲ್ಲಿ ಕೆಂಪಗಿದ್ದ ತೋಟ ಏಪ್ರಿಲ್‌ನಲ್ಲಿ ಬೆಳ್ಳಗಿರುತ್ತದೆ, ಆಗಸ್ಟ್‌ನಲ್ಲಿ ನೀರು ಸುರಿಸುತ್ತಾ ನಿಂತಿರುತ್ತದೆ. ಮೊದಲ ಸಲ ನೀವು ಪ್ರಶ್ನೆ ಕೇಳುತ್ತೀರಿ. ಎರಡನೇ ಸಲ ಅವರು ತಮ್ಮ ಮಗಳ ಮದುವೆ ಮಾತು, ಮೆಣಸಿನ ಬಳ್ಳಿಗೆ ಬಂದ ರೋಗ, ಮಗ ಬೆಂಗಳೂರಿಗೆ ಹೋದ ವಿಷಯ ಹೇಳುತ್ತಾರೆ. ಅವರ ಮಗನಿಗೆ ನಿಮ್ಮ ಊರಿನಲ್ಲಿ ರೂಮು ಹುಡುಕಿಕೊಡುವ ಸರದಿ ಆಗ ನಿಮ್ಮದು.

ಹೋಗಲಾಗದಿದ್ದರೆ ಯುಗಾದಿಗೋ ದೀಪಾವಳಿಗೋ ಒಂದು ಫೋನ್ ಮಾಡಿ. ಮಳೆ ಜೋರು ಎಂದು ಸುದ್ದಿ ಬಂದ ದಿನವೂ ಮಾಡಿ. ರಾತ್ರಿ ಏಳೂವರೆಯ ಮೇಲೆ ಮಾಡಿದರೆ ಒಳ್ಳೆಯದು. ಹಗಲು ತೋಟದಲ್ಲಿರುತ್ತಾರೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ.